ಮರುಭೂಮಿಯ ಡಬ್ಬಿ

ನಾನು ಕಾಶಿಗೆ ಹೋಗಿರಲಿಲ್ಲ. ಇದನ್ನು ನಮ್ಮ ಓಣಿಯವರಿಗೆ ಹೇಳಿದ್ದೇನೆ, ಕಚೇರಿಯಲ್ಲಿ ಹೇಳಿದ್ದೇನೆ, ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಹೋಗುವವರು ಬರುವವರಿಗೆಲ್ಲ ಕೇಳುವಂತೆ ಒದರಿದ್ದೇನೆ. ಈಗ ಬರೆದೂ ಇಡುತ್ತೇನೆ. ನಾನು ಹೋದದ್ದು ಚಿತೋಡದ ಕೋಟೆಗೆ, ಜೋಧಪುರಕ್ಕೆ, ಅದರಾಚೆಯ ಮರುಭೂಮಿಗೆ, ದಿಲ್ಲಿಗೆ, ಆಗ್ರಾಕ್ಕೆ. ಹೋದದ್ದು ಮೋಟಾರಿನಲ್ಲಿ. ಹೋದದ್ದು ಫೋಟೋ ತೆಗೆಯಲಿಕ್ಕೆ. ಇಷ್ಟು ಸರಳವಾದ ಸಂಗತಿ ಧಾರವಾಡದಂಥ ವಿದ್ಯಾವಂತರ ಊರಿನಲ್ಲಿ ಒಬ್ಬರ ತಲೆಗೂ ಇಳಿಯಲಿಲ್ಲವೆಂದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ನನ್ನ ಹೆಸರು ರಮಾಕಾಂತ. ಪ್ರಾಂತ ಸಾಹೇಬರ ಕಚೇರಿಯಲ್ಲಿ ಕಾರಕೂನ. ಊರಿನ ಲೆಕ್ಕದಲ್ಲಿ ನಾನು ಇಷ್ಟೇ. ಆದರೆ ನನ್ನ ಹತ್ತಿರ ಒಂದು ಮಡಚುವ ಕ್ಯಾಮೆರಾ ಇತ್ತು, ಮೂರು ಕಾಲಿನ ಸ್ಟ್ಯಾಂಡಿತ್ತು, ತಲೆಯ ಮೇಲೆ ಹೊದ್ದುಕೊಳ್ಳುವ ಕರಿ ಬಟ್ಟೆಯಿತ್ತು. ಉಣಕಲ್ಲಿನ ಹಳೆಯ ಗುಡಿಯ ಒಂದು ಫೋಟೋ ತೆಗೆದು ಸಾಹೇಬರ ಮೇಜಿನ ಮೇಲೆ ಇಟ್ಟಾಗ ಅವರು ಬಾಯಿಂದ ಪೈಪು ತೆಗೆದು ‘ಗುಡ್’ ಎಂದರು. ನಮ್ಮ ಸಾಹೇಬರು ಬೈಯುವಾಗಲೂ ಪೈಪು ತೆಗೆಯುವವರಲ್ಲ. ಅಂದಿನಿಂದ ನಾನು ಕಾರಕೂನನಲ್ಲ, ಕಲಾವಿದ ಎಂಬುದು ನನಗೆ ಖಚಿತವಾಯಿತು. ಉಳಿದವರಿಗೆ ಖಚಿತವಾಗುವುದು ಬಾಕಿಯಿತ್ತು.

ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಮಡಿವಾಳಪ್ಪನವರು ಆ ವರ್ಷ ಹೊಸ ಮೋಟಾರು ಕೊಂಡಿದ್ದರು. ಅಹಮದಾಬಾದಿನ ಗಿರಣಿಯವರನ್ನು ಕಂಡು, ಅಲ್ಲಿಂದ ಮುಂದೆ ರಜಪೂತಾನಾ ಸುತ್ತಿ, ಮೋಟಾರಿನ ತಾಕತ್ತು ಎಷ್ಟೆಂದು ನೋಡಿಬರುವುದು ಅವರ ಆಸೆ. ಅವರಿಗೆ ಹಿಂದಿ ಇಂಗ್ಲಿಷು ಬಲ್ಲವನೊಬ್ಬ ಬೇಕಾಗಿತ್ತು, ನನಗೆ ಮೋಟಾರು ಬೇಕಾಗಿತ್ತು. ರಜೆ ಬರೆದುಕೊಟ್ಟು ಹೊರಟೆ. ಹೊರಡುವ ಮುಂಚೆಯೇ ಕರಪತ್ರ ಅಚ್ಚು ಹಾಕಿಸಿದ್ದೆ: ‘ಭರತಖಂಡದ ಭವ್ಯ ಸ್ಮಾರಕಗಳು ಹಾಗೂ ಮರುಭೂಮಿಯ ಅಪೂರ್ವ ದೃಶ್ಯಗಳು. ಛಾಯಾಚಿತ್ರ ಪ್ರದರ್ಶನ. ಉದ್ಘಾಟಕರು: ಪ್ರಾಂತ ಸಾಹೇಬರು.’ ಇನ್ನೂ ತೆಗೆಯದ ಫೋಟೋಗಳಿಗೆ ಕರಪತ್ರ ಹಾಕಿಸಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ಅಚ್ಚುಕೂಟದವನು ಹೇಳಿದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ದಾರಿಯಲ್ಲಿ ಟಯರು ಒಡೆದದ್ದು, ಉಸುಕಿನಲ್ಲಿ ಹೂತ ಮೋಟಾರನ್ನು ಒಂಟೆ ಕಟ್ಟಿ ಎಳೆಸಿದ್ದು, ಇವೆಲ್ಲ ಇರಲಿ. ನನಗೆ ಸಿಟ್ಟು ಬರಿಸಿದ್ದು ಮಡಿವಾಳಪ್ಪನವರು. ಎಲ್ಲಿ ಸ್ಟ್ಯಾಂಡು ಹೂಡಿದರೂ ಅವರು ರುಮಾಲು ಸರಿಪಡಿಸಿಕೊಂಡು, ಮೋಟಾರಿನ ಮೂತಿಯ ಮೇಲೆ ಕೈಯಿಟ್ಟು ಮುಂದೆ ಬಂದು ನಿಲ್ಲುವರು. ತಾಜಮಹಲಿನ ಮುಂದೆ ನಿಂತು, “ರಾಯರ, ಹಿಂದಿಂದು ಎಷ್ಟರ ಬರಲಿ, ಗಾಡಿ ಮಾತ್ರ ಪೂರಾ ಬರಬೇಕು ನೋಡ್ರಿ,” ಎಂದರು. ಅವರನ್ನು ಸರಿಸಿ ಸರಿಸಿ ನನ್ನ ಹರೆಯ ಹೋಯಿತು. ಮರುಭೂಮಿಯಲ್ಲಿ ಅವರು ಮೋಟಾರಿನೊಳಗೆ ಗೊರಕೆ ಹೊಡೆಯುತ್ತಿರುವಾಗ ನಾನು ನಸುಕಿನಲ್ಲೇ ಎದ್ದು ದಿಬ್ಬ ಹತ್ತುತ್ತಿದ್ದೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಉಸುಕಿನ ಮೇಲೆ ಗಾಳಿ ಎಳೆದ ಗೆರೆಗಳು ಕಾಣುತ್ತವೆ, ಸೂರ್ಯ ತುಸು ಮೇಲೆ ಬಂದನೆಂದರೆ ಅಳಿಸಿಹೋಗುತ್ತವೆ. ಅಷ್ಟರೊಳಗೆ ತೆಗೆಯಬೇಕು. ತೆಗೆದೆ. ನನ್ನ ಜನ್ಮದಲ್ಲಿ ಅಂಥ ಫೋಟೋ ಮತ್ತೆ ತೆಗೆಯಲಾರೆ ಎಂದು ಆಗಲೇ ಗೊತ್ತಾಗಿತ್ತು.

ನನ್ನ ಕ್ಯಾಮೆರಾದಲ್ಲಿ ಗಾಜಿನ ಪ್ಲೇಟು ಹಾಕಬೇಕು. ಫೋಟೋ ತೆಗೆದ ಕೂಡಲೇ ಗಾಜಿನ ಮೇಲೆ ಏನೂ ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ, ಕೆಂಪು ದೀಪದ ಮುಂದೆ, ಔಷಧದ ನೀರಿನಲ್ಲಿ ತೊಳೆದ ಮೇಲೆಯೇ ಚಿತ್ರ ಮೂಡುವುದು. ಅದಕ್ಕಿಂತ ಮುಂಚೆ ಒಂದು ಚಣ ಬೆಳಕು ತಗುಲಿದರೂ ಮುಗಿಯಿತು, ಎಲ್ಲ ಅಳಿಸಿಹೋಗುತ್ತದೆ. ಔಷಧದ ಬಾಟಲಿಗಳು ದಾರಿಯಲ್ಲಿ ಒಡೆದಿದ್ದವು. ಅದಕ್ಕೇ ಜೋಧಪುರದಲ್ಲಿ ಒಬ್ಬ ತಗಡಿನವನಿಂದ ಡಬ್ಬಿ ಮಾಡಿಸಿ, ಆಮೇಲೆ ತೆಗೆದ ಆಗ್ರಾದ ಪ್ಲೇಟುಗಳನ್ನೂ ಅದರಲ್ಲೇ ಸೇರಿಸಿ, ಬಾಯಿಗೆ ಬೆಸುಗೆ ಹಾಕಿಸಿಕೊಂಡು ಬಂದೆ. ಹೊಸ ಔಷಧ ಮುಂಬಯಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬರುವುದಿತ್ತು. ಅದು ಬಂದು, ನಾನು ಪ್ಲೇಟು ತೊಳೆದು, ಶನಿವಾರ ಸಾಹೇಬರು ಪ್ರದರ್ಶನ ಉದ್ಘಾಟಿಸಿದರೆ ನನ್ನ ಬಾಳು ಸಾರ್ಥಕ. ಅಲ್ಲಿಯವರೆಗೆ ಆ ಡಬ್ಬಿಯನ್ನು ಯಾರೂ ತೆರೆಯಬಾರದು. ನಾನು ಲೋಕದ ಹತ್ತಿರ ಬೇಡಿದ್ದು ಇದೊಂದೇ.

ಮೋಟಾರಿನಿಂದ ಇಳಿಯುತ್ತಿದ್ದೆ, ಒಂದು ಕಾಲು ಇನ್ನೂ ಪಾವಟಿಗೆಯ ಮೇಲಿತ್ತು. ಪಕ್ಕದ ಮನೆಯ ತಾರಾಬಾಯಿ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಓಡಿಬಂದರು.

“ಬಂದ್ಯಾ ರಮಾಕಾಂತ? ಪುಣ್ಯಾತ್ಮ! ಕಾಲ ಮುಂದ ಮಾಡು, ನೀರ ಹಾಕತೇನಿ.”

ನೀರು ಹಾಕಿ, ಕುಂಕುಮ ಹಚ್ಚಿ, ನನ್ನ ತಾಯಿಯ ವಯಸ್ಸಿನ ಆ ಹೆಂಗಸು ನನ್ನ ಕಾಲಿಗೆ ಬಿದ್ದರು. ನಾನು ಹಿಂದೆ ಸರಿಯಲು ಹೋಗಿ ಮೋಟಾರಿನ ಬಾಗಿಲಿಗೆ ತಲೆ ಬಡಿಸಿಕೊಂಡೆ. ಅಷ್ಟರಲ್ಲಿ ಎದುರು ಮನೆಯ ಯಜ್ಞೇಶ್ವರ ಭಟ್ಟರು ಬಂದರು. ಭಟ್ಟರು ಎಂದೋ ಒಮ್ಮೆ ಕಾಶಿಗೆ ಹೋಗಿ ಬಂದವರು. ಅಂದಿನಿಂದ ಬೇರೆ ವಿಷಯ ಮಾತಾಡಿದವರಲ್ಲ.

“ವಿಶ್ವನಾಥನ ದರ್ಶನ ಛಲೋ ಆತೇನ್ರಿ?”

“ನಾವು ಕಾಶಿಗೆ ಹೋಗಿದ್ದಿಲ್ರಿ ಭಟ್ಟರ. ಆಗ್ರಾಕ್ಕ ಹೋಗಿದ್ವಿ. ತಾಜಮಹಲ ನೋಡಿದ್ವಿ.”

“ಅದರಾಗ ಯಾವ ದೇವರು?”

“ದೇವರಲ್ರಿ. ಗೋರಿ. ಬಾದಶಹಾನ ಹೆಂಡತಿದು.”

“ಗೋರಿ ನೋಡ್ಲಿಕ್ಕೆ ಇಲ್ಲಿಂದ ಪೆಟ್ರೋಲ ಸುಟಗೋತ ಹೋದ್ರಿ?”

“ಮರುಭೂಮೀನೂ ನೋಡಿದ್ವಿ.”

“ಅಲ್ಲೇನದ?”

“ಉಸುಕು.”

“ಬರೇ ಉಸುಕು?”

“ಬರೇ ಉಸುಕು.”

ಭಟ್ಟರು ತಾರಾಬಾಯಿಯ ಮುಖ ನೋಡಿದರು, ತಾರಾಬಾಯಿ ಭಟ್ಟರ ಮುಖ ನೋಡಿದರು. ಬುದ್ಧಿ ನೆಟ್ಟಗಿರುವ ಮನುಷ್ಯ ಗೋರಿಯನ್ನೂ ಉಸುಕನ್ನೂ ನೋಡಲು ಅಷ್ಟು ದೂರ ಹೋಗುವುದಿಲ್ಲವೆಂದು ಇಬ್ಬರೂ ಒಮ್ಮೆಗೇ ತೀರ್ಮಾನಿಸಿದರು. “ಎಂಥಾ ವಿನಯ ನೋಡ್ರಿ,” ಎಂದರು ಭಟ್ಟರು. ಅಷ್ಟರಲ್ಲಿ ತಾರಾಬಾಯಿಯ ಕಣ್ಣು ನನ್ನ ಕಂಕುಳಲ್ಲಿದ್ದ ಡಬ್ಬಿಯ ಮೇಲೆ ಬಿತ್ತು.

“ಇದೇನೋ, ಬೆಸಗಿ ಹಾಕಿದ್ದು?”

“ಮುಟ್ಟಬ್ಯಾಡ್ರಿ!” ನಾನು ಕೂಗಿದೆ. “ಇದನ್ನ ಯಾರೂ ಮುಟ್ಟಬಾರದು. ತೆಗೀಬಾರದು. ಇದಕ್ಕ ಬ್ಯಾರೇ ಖೋಲಿ ಬೇಕು, ಬ್ಯಾರೇ ನೀರು ಬೇಕು, ನಾನ ಸ್ನಾನ ಮಾಡಿ, ಬಾಗಲಾ ಹಾಕ್ಕೊಂಡು ತೆಗೀತೇನಿ.”

ಸ್ನಾನದ ಮಾತು ಹೇಳಿದ್ದು ಮೈಮೇಲಿನ ಧೂಳಿಗಾಗಿ. ಆದರೆ ತಾರಾಬಾಯಿ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಕಾಶಿಗೆ ಹೋದವರು ಗಂಗೆಯನ್ನು ಬಾಯಿಗೆ ಬೆಸುಗೆ ಹಾಕಿದ ಪಾತ್ರೆಯಲ್ಲಿ ತರುತ್ತಾರೆ. ಸಮಾರಾಧನೆಯ ದಿನ ಊರವರ ಎದುರಿಗೆ ಪೂಜೆ ಮಾಡಿ ಒಡೆಯುವತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಪ್ಲೇಟಿನ ಚಿಂತೆಯಲ್ಲಿದ್ದವನಿಗೆ ಗಂಗೆಯ ನೆನಪು ಎಲ್ಲಿಂದ ಬರಬೇಕು?

ಮನೆಯಲ್ಲಿ ಅಂಬಾಕಾಕು ಇದ್ದಳು. ನನ್ನ ಕಾಕಾನ ಹೆಂಡತಿ, ತಂದೆತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಕಾಕಾ ಹೋಗಿ ಬಹಳ ವರ್ಷವಾಗಿತ್ತು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಕಾಕುವಿನದೇ ಆಡಳಿತ. ಡಬ್ಬಿಯನ್ನು ಕಂಡವಳೇ ದೇವರ ಕೋಣೆಯಲ್ಲಿ ಇಟ್ಟು ಮೇಲೊಂದು ತುಳಸಿದಳ ಇಟ್ಟಳು. ನಾನು ತಂದು ನನ್ನ ಕೋಣೆಯ ಗೋಡೆಗೂಡಿನಲ್ಲಿ ಇಟ್ಟೆ. ಮೋರೆ ತೊಳೆದು ಬರುವಷ್ಟರಲ್ಲಿ ಡಬ್ಬಿ ಮತ್ತೆ ದೇವರ ಕೋಣೆಯಲ್ಲಿತ್ತು.

“ಕಾಕು, ನಾ ಕಾಶಿಗೆ ಹೋಗಿಲ್ಲ. ಇದರಾಗ ಗಾಜು ಅದ.”

“ಆತು, ಹೋಗಿಲ್ಲ. ಊಟಕ್ಕ ಏಳು.”

“ಖರೇನ ಹೋಗಿಲ್ಲ!”

“ಆತು ಅಂದೆನಲ್ಲ. ಅಷ್ಟು ದೂರ ಹೋದಾಂವ ಕಾಶಿಗೆ ಹೋಗದ ಹೆಂಗ ಬಂದಾನು? ದಣದಿದ್ದಿ. ಊಟಾ ಮಾಡು.”

ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳೆಂದೂ, ನೀರಿನ ಸಪ್ಪಳ ಬಾರದ್ದಕ್ಕೆ ‘ಕಂಠಮಟಾ ತುಂಬ್ಯಾರ’ ಎಂದು ತಾರಾಬಾಯಿಗೆ ಹೇಳಿದಳೆಂದೂ ಆಮೇಲೆ ತಿಳಿಯಿತು.

ಮರುದಿನ ಕಚೇರಿಗೆ ಹೋದೆ. ಶಿರಸ್ತೇದಾರರು, ಅಂದರೆ ನನ್ನ ಮೇಲಿನವರು, ತಾವೇ ಎದ್ದು ನನ್ನ ಮೇಜಿನ ಹತ್ತಿರ ಬಂದರು. ಹೀಗೆ ಹಿಂದೆಂದೂ ಆಗಿರಲಿಲ್ಲ.

“ರಮಾಕಾಂತರಾಯರ, ಎಂದ ಒಡೀತೀರಿ ಡಬ್ಬಿ? ನಮ್ಮ ತಾಯಿ ಗಂಗಿ ಬಾಯಾಗ ಬೀಳದ ಜೀವಾ ಬಿಡಂಗಿಲ್ಲಾಂತ ಹಟಾ ಹಿಡದು ಮಲಗ್ಯಾರ. ಗಟ್ಟಿ ಮುದುಕಿ. ನಿಮ್ಮ ಹಾದೀನ ಕಾಯ್ಲಿಕತ್ತಾರ.”

“ಅದರಾಗ ಗಂಗಿ ಇಲ್ರಿ. ತಾಜಮಹಲ ಅದ.”

“ತಾಜಮಹಲು? ಡಬ್ಬ್ಯಾಗ?”

“ಹೌದ್ರಿ. ಚಿತೋಡದ ಕೋಟಿ, ಕುತುಬಮಿನಾರ, ಮರುಭೂಮಿ, ಎಲ್ಲಾ ಅದರಾಗ ಅವ.”

ಶಿರಸ್ತೇದಾರರು ನನ್ನ ಹಣೆ ಮುಟ್ಟಿ ನೋಡಿದರು. “ಬಿಸಲಾಗ ಭಾಳ ತಿರಗೀರಿ. ಬೇಕಾದ್ರ ಇನ್ನ ಸ್ವಲ್ಪ ರಜಾ ತಗೋರಿ. ಗಂಗಿ ಮಾತ್ರ ಮರೀಬ್ಯಾಡ್ರಿ,” ಎಂದು ಹೋದರು.

ವಿನಯವಂತ ಎಂಬ ಹೆಸರು ಬಹಳ ದಿನ ಉಳಿಯಲಿಲ್ಲ. ಹೇಳಿದ್ದನ್ನೇ ಹೇಳುತ್ತ ನಾನು ಕೂಗಾಡಿದಂತೆಲ್ಲ ಜನರಿಗೆ ಅನುಮಾನ ಬಂತು. ಬಾವಿಯ ಕಟ್ಟೆಯ ಮೇಲೆ ತಾರಾಬಾಯಿ ಅದನ್ನು ಬಿಡಿಸಿ ಹೇಳಿದರಂತೆ: “ಹೋಗಿಲ್ಲ ಹೋಗಿಲ್ಲ ಅಂತ ಯಾಕ ಬಡಕೊಳ್ತಾನ ಅಂದ್ರ, ಹೋಗೇನಿ ಅಂದ್ರ ಊರಿಗೆ ಉಣಸಬೇಕಲ್ಲ!” ಅಂದಿನಿಂದ ನಾನು ಜುಗ್ಗ. ನೀರು ಹಾಕಿ ಕಾಲು ತೊ‌ಳೆದವರೇ ಈಗ ನನ್ನನ್ನು ಕಂಡರೆ ಮೂಗು ಮುರಿಯತೊಡಗಿದರು. ಅನ್ನದ ಆಸೆಯಿಂದ ಮನುಷ್ಯನ ಮಾತನ್ನು ಸುಳ್ಳು ಮಾಡುವ ಈ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯಿತು.

ಸಾಕ್ಷಿ ಬೇಕು ಎಂದು ಹುಬ್ಬಳ್ಳಿಯಿಂದ ಮಡಿವಾಳಪ್ಪನವರನ್ನು ಕರೆಸಿ ಗುಡಿಯ ಕಟ್ಟೆಯ ಮೇಲೆ ನಿಲ್ಲಿಸಿದೆ. ಅವರು ಎದೆ ತಟ್ಟಿ ಹೇಳಿದರು, “ನಾವು ಕಾಶಿಗೆ ಹೋಗಿಲ್ರಿ. ನನ್ನ ಮೋಟಾರಿನ ಆಣಿ.”

ಭಟ್ಟರು ನಕ್ಕರು. “ನೀವು ಹೋಗಿರಲಿಕ್ಕಿಲ್ರಿ ಸಾವ್ಕಾರ್ರ. ರಾತ್ರಿ ನೀವು ಎಲ್ಲೆ ಮಲಗತಿದ್ರಿ?”

“ಮೋಟಾರಿನ್ಯಾಗ. ಕಳ್ಳರ ಅಂಜಿಕಿ ಇತ್ತಲ್ರಿ.”

“ಇವರು?”

“ಧರ್ಮಶಾಲಿಯೊಳಗ.”

“ಹಂಗಾದ್ರ ಇವರು ರಾತ್ರೋರಾತ್ರಿ ರೈಲ ಹತ್ತಿ ಹೋಗಿ ಬಂದಿದ್ರ ನಿಮಗ ಹೆಂಗ ಗೊತ್ತಾಗಬೇಕು?”

ಮಡಿವಾಳಪ್ಪನವರು ರುಮಾಲು ಎತ್ತಿ ತಲೆ ಕೆರೆದುಕೊಂಡರು. ನನ್ನ ಕಡೆ ತಿರುಗಿದರು. “ಹೌದಲ್ರಿ ರಾಯರ? ಒಂದಿನಾ ಮುಂಜಾನಿ ನಿಮ್ಮ ಕಣ್ಣ ಕೆಂಪಗ ಆಗಿದ್ವು. ನಿದ್ದಿ ಇಲ್ಲದವರ ಗತೆ ಕಾಣತಿದ್ರಿ.”

“ಉಸುಕು ಬಿದ್ದಿತ್ರಿ! ಕಣ್ಣಾಗ ಉಸುಕು ಬಿದ್ದಿತ್ತು!”

“ನಾನೂ ಹಂಗ ತಿಳಕೊಂಡಿದ್ದೆ,” ಎಂದು ಮಡಿವಾಳಪ್ಪನವರು ಬೇಜಾರಿನಿಂದ ನುಡಿದರು. “ನನಗರ ಹೇಳಬೇಕಿತ್ತಲ್ರಿ? ನಾ ಏನ ಬ್ಯಾಡ ಅಂತಿದ್ನೇನು?” ನನ್ನ ಸಾಕ್ಷಿದಾರರು ನನ್ನ ಮೇಲೆಯೇ ಸಿಟ್ಟಾಗಿ ಹುಬ್ಬಳ್ಳಿಗೆ ಹೋದರು.

ಜುಗ್ಗತನದ ಮಾತು ಕಾಕುವಿನ ಕಿವಿಗೂ ಬಿತ್ತು. ಅವಳು ಡಬ್ಬದಿಂದ ಕಡಲೆಬೇಳೆ ತೆಗೆದು ಮೊರದಲ್ಲಿ ಸುರಿದುಕೊಂಡು ಆರಿಸಲು ಕುಳಿತಳು. ಕಾಕು ಸಿಟ್ಟಾದರೆ ಹೀಗೆಯೇ, ಬಾಯಿ ಮುಚ್ಚಿ ದೊಡ್ಡ ಅಡಿಗೆಗೆ ತೊಡಗುತ್ತಾಳೆ.

“ಗುರುವಾರ ಸಮಾರಾಧನಿ. ಓಣಿಗೆಲ್ಲಾ ಹೇಳಿಕಿ ಹೋಗೇದ.”

“ಕಾಕು, ಉಣಸೂದಿದ್ರ ಉಣಸು. ಗಂಗಿ ಹೆಸರ ಯಾಕ ಹೇಳ್ತಿ?”

“ನಾ ಊಟಕ್ಕ ಬರ್ರಿ ಅಂದೇನಿ. ಹೆಸರು ಅವರ ಇಟಗೊಂಡಾರ. ನಿಮ್ಮ ಕಾಕಾ ಇದ್ದಾಗ ಈ ಮನಿಯಿಂದ ಯಾರೂ ಹಸಕೊಂಡು ಹೋದದ್ದಿಲ್ಲ. ಈಗ ಬಾವಿಕಟ್ಟಿ ಮ್ಯಾಲೆ ನಮ್ಮನಿ ಎಲಿ ಮಾತ ಆಡ್ಲಿಕತ್ತಾರ. ಅದು ನಿಲ್ಲಬೇಕು.”

ಉಂಡು ಹೋಗಲಿ, ಡಬ್ಬಿ ಹೇಗೂ ನನ್ನ ಹತ್ತಿರ ಇದೆಯಲ್ಲ ಎಂದು ಸುಮ್ಮನಾದೆ. ಗುರುವಾರ ಬೆಳಿಗ್ಗೆಯೇ ಔಷಧದ ಪಾರ್ಸಲು ಬಂದ ಸುದ್ದಿ ಸಿಕ್ಕಿತು. ಡಬ್ಬಿಯನ್ನು ದೇವರ ಕೋಣೆಯಿಂದ ಮತ್ತೊಮ್ಮೆ ತಂದು, ನನ್ನ ಕೋಣೆಯಲ್ಲಿಟ್ಟು, ಚಿಲಕ ಹಾಕಿ ಹುಬ್ಬಳ್ಳಿಗೆ ಹೊರಟೆ. ಕಾಕು ಇರುವ ಮನೆಯಲ್ಲಿ ಒಳಕೋಣೆಗೆ ಬೀಗ ಹಾಕುವುದು ಹೇಗೆ? ಸ್ಟೇಶನ್ನಿನಲ್ಲಿ ಪಾರ್ಸಲಿನ ಬಾಬು ನನ್ನನ್ನು ಊಟದ ಹೊತ್ತಿನತನಕ ಕಾಯಿಸಿದ. ಕೊನೆಗೆ ಪೆಟ್ಟಿಗೆ ಕೈಗೆ ಕೊಡುತ್ತ, “ಧಾರವಾಡದಾಗ ಗಂಗಿ ತಂದವರು ನೀವ ಅಲ್ರಿ? ನಮಗೂ ಒಂದೀಟು,” ಎಂದ. ಹುಬ್ಬಳ್ಳಿಗೂ ಹಬ್ಬಿತ್ತು. ನಾನು ಪೆಟ್ಟಿಗೆ ಕಸಿದುಕೊಂಡು ಓಡಿ ರೈಲು ಹತ್ತಿದೆ.

ಮನೆಯ ಮುಂದೆ ಹಂದರ. ಅಂಗಳದಲ್ಲಿ ಉದ್ದಕ್ಕೆ ಎಲೆ ಹಾಕಿ ಜನ ಕುಳಿತಿದ್ದರು. ನಡುವೆ ರಂಗೋಲಿ, ರಂಗೋಲಿಯ ಮೇಲೆ ಮಣೆ, ಮಣೆಯ ಮೇಲೆ ನನ್ನ ಡಬ್ಬಿ. ಮೈತುಂಬ ಅರಿಷಿಣ ಕುಂಕುಮ, ಕೊರಳಿಗೆ ಹೂವಿನ ಹಾರ. ಪಕ್ಕದಲ್ಲಿ ಶಿರಸ್ತೇದಾರರು ಬೆಳ್ಳಿಯ ಬಟ್ಟಲು ಹಿಡಿದು ತಯಾರಾಗಿ ನಿಂತಿದ್ದರು. ಅಂಗಳದ ಆಚೆ ತಗಡಿನ ಕೆಲಸದ ಗುಲಾಬಸಾಬ ಶೆಗಡಿಯ ಕೆಂಡದಲ್ಲಿ ಕಬ್ಬಿಣ ಕಾಯಿಸುತ್ತಿದ್ದ. ಭಟ್ಟರು ಮಂತ್ರ ಮುಗಿಸಿ, “ಹೂಂ, ತರ್ರಿ ಬೆಸಗಿ ಬಿಡಸೋಣು,” ಎಂದರು.

ನಾನು ಪಾರ್ಸಲು ಒಗೆದು, ಎಲೆಗಳನ್ನು ದಾಟಿ ಹಾರಿ, ಡಬ್ಬಿಯ ಮೇಲೆ ಬಿದ್ದು ಅಪ್ಪಿಕೊಂಡೆ.

“ಇದರಾಗ ಗಂಗಿ ಇಲ್ಲ! ಗಾಜಿನ ಪ್ಲೇಟ ಅವ! ತೆಗದ್ರ ಎಲ್ಲಾ ಹಾಳಾಗತದ!”

“ತೆಗದ್ರ ಗೊತ್ತಾಗತದಲ್ರಿ, ಏನದ ಅಂತ,” ಎಂದರು ಶಿರಸ್ತೇದಾರರು.

“ತೆಗದ್ರ ಏನೂ ಉಳಿಯಂಗಿಲ್ರಿ!”

“ತೆಗೀದ ಗೊತ್ತಾಗೂದು ಹೆಂಗ?”

ನಿಜ ಹೇಳುತ್ತಿದ್ದೇನೆಂದು ತೋರಿಸಲು ಇದ್ದದ್ದು ಒಂದೇ ದಾರಿ, ಅದರಲ್ಲಿ ನಡೆದರೆ ತಾಜಮಹಲೂ ಹೋಯಿತು, ಮರುಭೂಮಿಯೂ ಹೋಯಿತು. ನಿಜ ಹೇಳಿ ಹೇಳಿ ಗಂಟಲು ಒಣಗಿತ್ತು. ಸುಳ್ಳಾದರೂ ಹೇಳಿ ಡಬ್ಬಿ ಉಳಿಸಿಕೊಳ್ಳೋಣ ಎನಿಸಿತು.

“ಆತ್ರಿ. ನಾ ಕಾಶಿಗೆ ಹೋಗಿದ್ದೆ. ಇದು ಗಂಗೀನ. ಆದ್ರ ಇವತ್ತ ತೆಗೀಬಾರದೂಂತ ಅಲ್ಲೆ ಒಬ್ಬ ಸ್ವಾಮಿಗಳು ಅಪ್ಪಣಿ ಕೊಡಿಸ್ಯಾರ.”

ಇಷ್ಟು ದಿನ ನನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಜನ ಈಗ ಕಿವಿ ನಿಮಿರಿಸಿದರು. ಭಟ್ಟರು ಹುಬ್ಬು ಗಂಟು ಹಾಕಿದರು.

“ಹೌದೇನ್ರಿ? ಯಾವ ಘಾಟಿನ್ಯಾಗ ಸ್ನಾನ ಮಾಡಿದ್ರಿ?”

“ದೊಡ್ಡ ಘಾಟಿನ್ಯಾಗ.”

“ಕಾಶಿಗೆ ಹೋದವರು ಪ್ರೀತಿದ್ದು ಒಂದ ತಿನಸು ಅಲ್ಲೆ ಬಿಟ್ಟು ಬರತಾರ. ಜನ್ಮದಾಗ ಅದನ್ನ ಮತ್ತ ಮುಟ್ಟೂದಿಲ್ಲ. ನೀವು ಏನ ಬಿಟ್ರಿ?”

ಬಾಯಿಗೆ ಬಂದದ್ದನ್ನು ಹೇಳಿದೆ. “ಬದನಿಕಾಯಿ.”

“ಬದನಿಕಾಯಿ!” ತಾರಾಬಾಯಿ ಎದ್ದು ನಿಂತರು. “ಮೊನ್ನಿ ನಾ ಕೊಟ್ಟ ಎಣಗಾಯಿ ತಾಟ ನೆಕ್ಕಿ ತಿಂದಿಯಲ್ಲೋ! ಇನ್ನೊಂದ ಅದನೇನ್ರಿ ಅಂತ ಕೇಳಿದಿ!”

ಅಂಗಳದ ತುಂಬ ಗುಜುಗುಜು ಎದ್ದಿತು. ಭಟ್ಟರು ಎಲೆಯ ಮುಂದಿನಿಂದ ಉತ್ತರೀಯ ಎತ್ತಿಕೊಂಡರು. “ದೇವರ ಹೆಸರಲೇ ಹಂದರಾ ಹಾಕಸಿ ಸುಳ್ಳ ಹೇಳೂ ಮನ್ಯಾಗ ನಾ ಉಣ್ಣಂಗಿಲ್ಲ.” ಶಿರಸ್ತೇದಾರರು ಬಟ್ಟಲು ಕಂಕುಳಲ್ಲಿ ಇಟ್ಟುಕೊಂಡು, “ಅಂಬಾಬಾಯಿಯವರ, ಛಲೋ ಸಾಕೀರಿ ಹುಡುಗನ್ನ,” ಎಂದರು. ಒಬ್ಬೊಬ್ಬರೇ ಎಲೆ ಬಿಟ್ಟು ಏಳತೊಡಗಿದರು.

ಕಾಕು ಅಡಿಗೆಮನೆಯ ಬಾಗಿಲಲ್ಲಿ ಹೋಳಿಗೆಯ ಪರಾತ ಹಿಡಿದು ನಿಂತಿದ್ದಳು. ಜನ ಎದ್ದ ಎಲೆಗಳನ್ನೇ ನೋಡುತ್ತಿದ್ದಳು. ನನಗೆ ಆಗ ಬಂದ ಸಿಟ್ಟು ಅದಕ್ಕಿಂತ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

“ಗುಲಾಬಸಾಬ!” ಎಂದು ಒದರಿದೆ. “ತಗೊಂಡು ಬಾ ಕಬ್ಬಿಣಾ! ಬಿಡಸು! ಕೂಡ್ರಿ ಎಲ್ಲಾರೂ, ಒಬ್ಬರೂ ಏಳಬ್ಯಾಡ್ರಿ! ನೋಡೇ ಹೋಗ್ರಿ!”

“ತಗೀಲೇನ್ರಿ ಖರೇನ?” ಎಂದ ಗುಲಾಬಸಾಬ. “ಆಮ್ಯಾಲೆ ನನ್ನ ಮ್ಯಾಲೆ ಹರಿಹಾಯಬಾರದು ನೋಡ್ರಿ.”

“ತಗಿಯೋ!”

ತವರ ಕರಗಿತು, ಮುಚ್ಚಳ ಬಿಟ್ಟುಕೊಂಡಿತು. ನಡುಮಧ್ಯಾಹ್ನ, ಹಂದರದ ಸಂದಿಯಿಂದ ಬಿಸಿಲು ಸುರಿಯುತ್ತಿತ್ತು. ಪ್ಲೇಟುಗಳಿಗೆ ಸುತ್ತಿದ್ದ ಕರಿ ಕಾಗದವನ್ನು ನಾನೇ ಹರಿದೆ. ಒಂದೊಂದೇ ಪ್ಲೇಟು ತೆಗೆದು ಒಬ್ಬೊಬ್ಬರ ಕೈಯಲ್ಲಿ ತುರುಕಿದೆ. “ತಗೋರಿ ಭಟ್ಟರ, ಇದು ಚಿತೋಡ! ತಗೋರಿ ಶಿರಸ್ತೇದಾರ್ರ, ಕುತುಬಮಿನಾರ! ತಾರಾಬಾಯಿ, ಹಿಡೀರಿ ಮರುಭೂಮಿ! ಗಂಗಿ ಅದನೇನ್ರಿ ಇದರಾಗ? ಅದನೇನ್ರಿ?”

ಎಲ್ಲರೂ ಹಾಲುಬಣ್ಣದ ಗಾಜುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಡಬ್ಬಿಯನ್ನು ಬೋರಲು ಹಾಕಿ ನೋಡಿದರು. ಒಂದು ಹನಿ ನೀರೂ ಬೀಳಲಿಲ್ಲ.

“ಖರೇನ ಕಾಶಿಗೆ ಹೋಗಿಲ್ಲ!” ಶಿರಸ್ತೇದಾರರು ನನ್ನ ಬೆನ್ನು ತಟ್ಟಿದರು. “ಶಾಭಾಸ್! ಮೊದಲಿಂದ್ಲೂ ಖರೇನ ಹೇಳ್ಕೋತ ಬಂದೀರಿ. ನಮ್ಮ ತಾಯಿ ಇನ್ನ ಸ್ವಲ್ಪ ದಿನಾ ಇರಬೇಕಾತು ಅಷ್ಟ.”

“ಜುಗ್ಗ ಅಲ್ಲ ಬಿಡ್ರಿ,” ಎಂದರು ತಾರಾಬಾಯಿ. “ಕಾಶಿಗೆ ಹೋಗದನ ಉಣಸ್ಲಿಕತ್ತಾನ. ಇಂಥವರು ಎಲ್ಲೆ ಸಿಗತಾರ?”

ಎದ್ದವರೆಲ್ಲ ಮತ್ತೆ ಎಲೆಯ ಮುಂದೆ ಕುಳಿತರು. ಭಟ್ಟರು ತಮ್ಮ ಪ್ಲೇಟನ್ನು ತಾರಾಬಾಯಿಯದರ ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಇದರಾಗ ಏನೂ ಇಲ್ಲಲ್ರಿ. ಮರುಭೂಮಿ ಅಂದ್ರ ಹಿಂಗ ಇರತದ ಅಂತಾತು. ಬರೇ ಉಸುಕು ಅಂತ ನೀವು ಹೇಳಿದ್ದು ನಾ ನಂಬಲಿಲ್ಲ, ತಪ್ಪಾತು.”

ಶನಿವಾರದ ಪ್ರದರ್ಶನ ಹೋಯಿತು, ಸಾಹೇಬರ ಪೈಪು ಹೋಯಿತು, ಗಾಳಿ ಎಳೆದ ಆ ಗೆರೆಗಳು ಹೋದವು. ನಾನು ಮಣೆಯ ಮೇಲೆ ಕುಸಿದು ಕುಳಿತೆ. ಅಳು ಬರುತ್ತಿತ್ತು, ಅಷ್ಟು ಜನರ ಎದುರಿಗೆ ಅಳಲು ಆಗದೆ ಗುಲಾಬಸಾಬನಿಗೆ ಬೈದೆ. ಅವನು ಪಾಪ ಶೆಗಡಿ ಎತ್ತಿಕೊಂಡು ದೂರ ಸರಿದ.

ಆಗ ಕಾಕು ಪರಾತ ಕೆಳಗಿಟ್ಟು ಬಂದಳು. ಡಬ್ಬಿಯ ತಳದಲ್ಲಿ ಉಳಿದಿದ್ದ ಕೊನೆಯ ಪ್ಲೇಟನ್ನು ತೆಗೆದುಕೊಂಡಳು.

“ಮಡಿ ಹೋತಲ್ರಿ!” ಎಂದರು ಭಟ್ಟರು.

“ಮತ್ತ ತಲಿಮ್ಯಾಲೆ ನೀರ ಹಾಕ್ಕೋತೇನಿ.” ಅವಳು ನನ್ನ ಪಕ್ಕದಲ್ಲಿ ಕುಳಿತು ಗಾಜನ್ನು ಬೆಳಕಿಗೆ ಹಿಡಿದಳು. “ಇದರಾಗ ಏನ ಇತ್ತೋ?”

“ಏನಿದ್ರೇನು ಈಗ?”

“ಕೇಳಿದ್ದಕ್ಕ ಹೇಳು.”

ಊರಿಗೆ ಬಂದಾಗಿನಿಂದ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಸಿಟ್ಟಿನಲ್ಲೇ ಬೆರಳಿಟ್ಟು ತೋರಿಸಿದೆ. “ತಾಜಮಹಲ. ಇಲ್ಲೆ ಗುಮ್ಮಟ. ಈ ನಾಕೂ ಮೂಲಿಗೆ ಕಂಬದಂಥಾ ಮಿನಾರ. ಇದೆಲ್ಲಾ ಬಿಳೇ ಸಂಗಮರಮರಿ ಕಲ್ಲು. ಬೆಳಗಾಗೂ ಮುಂದ ತಗದದ್ದು, ಆಗ ಅದು ಕಲ್ಲಿನ ಗತೆ ಕಾಣಂಗಿಲ್ಲ, ಬೆಣ್ಣಿ ಗತೆ ಕಾಣತದ. ಮುಂದ ನೀರಿನ ಕಾಲವಿ, ಅದರಾಗ ಗುಮ್ಮಟದ ನೆರಳ ತಲಿ ತೆಳಗ ಮಾಡಿ ಬಿದ್ದದ.”

“ಹಿಂದ?”

“ಹಿಂದ ಯಮುನಾ ಹೊಳಿ.”

ಜನ ಎಲೆಯ ಮುಂದೆ ಕುಳಿತಲ್ಲಿಂದಲೇ ಕತ್ತು ಚಾಚಿ ಖಾಲಿ ಗಾಜನ್ನು ನೋಡುತ್ತಿದ್ದರು. ಕಾಕು ನನ್ನ ಬೆರಳು ಹೋದ ದಾರಿಯಲ್ಲಿ ತನ್ನ ಬೆರಳನ್ನೂ ಒಯ್ದಳು.

“ಈ ಹೊಳಿ ಮುಂದ ಎಲ್ಲಿಗೆ ಹೋಗತದ?”

ನಾನು ಉತ್ತರಿಸುವ ಮುಂಚೆಯೇ ಭಟ್ಟರು ಬಾಯಿ ಹಾಕಿದರು. “ಪ್ರಯಾಗಕ್ಕ ಹೋಗತದ್ರಿ. ಅಲ್ಲೆ ಗಂಗಿಗೆ ಕೂಡತದ. ಅದರ ಮುಂದನ ಕಾಶಿ.”

“ಅಂದ್ರ ಇದರಾಗ ಕಾಶಿ ಎಲ್ಲೆ ಬಂತೋ ರಮ್ಯಾ?”

ನಾನು ಯೋಚಿಸಲಿಲ್ಲ. ನಕಾಶೆ ನೋಡಿ ತಿಳಿದವನ ಸೊಕ್ಕಿನಿಂದ ಗಾಜಿನ ಅಂಚು ದಾಟಿ, ಅವಳು ಹಿಡಿದಿದ್ದ ಹೆಬ್ಬೆರಳಿನ ಮೇಲೆ ಬೆರಳಿಟ್ಟೆ. “ಇದರಾಗ ಇಲ್ಲ. ಇಲ್ಲೆ, ಹೊರಗ.”

ಕಾಕು ತನ್ನ ಹೆಬ್ಬೆರಳನ್ನೇ ನೋಡಿದಳು.

“ಇಷ್ಟ ಹತ್ತರ ಇತ್ತೇನೋ, ಖೋಡಿ?”

“ಹತ್ತರ ಅಲ್ಲ ಕಾಕು, ಅಲ್ಲಿಂದ ಭಾಳ...”

“ನಿಮ್ಮ ಕಾಕಾನ ಹೆಸರಲೇ ಒಂದ ಮುಣುಗು ಹಾಕಿ ಬರ್ಲಿಕ್ಕೆ ಆಗಲಿಲ್ಲ ನಿನಗ? ನೀ ಹೋಗಿಲ್ಲ ಅಂತ ದಿನಾ ಒದರತಿದ್ದಿ. ನಾ ಯಾಕ ನಂಬಲಿಲ್ಲ ಗೊತ್ತದನು? ಅಲ್ಲೀತನಕ ಹೋದ ನನ್ನ ಹುಡುಗ ಹಂಗ ಬರಂಗಿಲ್ಲ ಅಂತ. ಬಾದಶಹಾನ ಹೆಂಡತಿ ಸತ್ತದ್ದಕ್ಕ ಹೋಗಿ ನೋಡಿ ಬಂದಿ. ಮನ್ಯಾಗ ಸತ್ತವರು ನಿನಗ ನೆನಪಾಗಲಿಲ್ಲ.”

ನನಗೂ ಹೇಳಲು ಬಹಳ ಇತ್ತು. ಪೆಟ್ರೋಲಿನ ಮಾತಿತ್ತು, ರಜೆಯ ಮಾತಿತ್ತು, ಮಡಿವಾಳಪ್ಪನವರ ಮೋಟಾರು ನನ್ನಪ್ಪನದಲ್ಲ ಎಂಬ ಮಾತಿತ್ತು. ಅವಳು ಕೇಳಲು ನಿಲ್ಲಲಿಲ್ಲ. ಪ್ಲೇಟನ್ನು ನನ್ನ ತೊಡೆಯ ಮೇಲಿಟ್ಟು ಬಚ್ಚಲಿಗೆ ಹೋದಳು.

ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಬಂದು ಬಡಿಸಲು ನಿಂತಳು. ಹೋಳಿಗೆ ಎಲ್ಲರಿಗೂ ಬಂತು, ನನಗೂ ಬಂತು. ಆಮೇಲೆ ತುಪ್ಪದ ತಂಬಿಗೆ ತಂದಳು. ಸುಳ್ಳು ಹೇಳುವ ಮನೆಯಲ್ಲಿ ಉಣ್ಣುವುದಿಲ್ಲ ಎಂದ ಭಟ್ಟರಿಗೆ ಎಲೆಯಿಂದ ಹರಿಯುವಷ್ಟು ಹಾಕಿದಳು. ಜುಗ್ಗ ಎಂದ ತಾರಾಬಾಯಿಗೆ ಹಾಕಿದಳು, ಶಿರಸ್ತೇದಾರರಿಗೆ ಹಾಕಿದಳು, ಅಂಗಳದಾಚೆ ಕುಳಿತಿದ್ದ ಗುಲಾಬಸಾಬನಿಗೆ ಬೇಡ ಬೇಡವೆಂದರೂ ಎರಡು ಸಲ ಹಾಕಿದಳು. ನನ್ನ ಎಲೆಯ ಹತ್ತಿರ ಬಂದಾಗ ತಂಬಿಗೆ ಎತ್ತಿಕೊಂಡು ಮುಂದೆ ಹೋದಳು. ನಾನು ಒಣ ಹೋಳಿಗೆ ತಿಂದು ಎದ್ದೆ.